ಕರೆಂಟ್ ಹೋದರೂ ನಿಲ್ಲದ ಕೆಲಸ: ಬೆಂಗಳೂರಿನ ಪುಟ್ಟ ಸರ್ವರ್, ಶಿರಸಿಯ ನಾನು

ನಮ್ಮ ಮನೆ ಶಿರಸಿ ಪೇಟೆಯಿಂದ ಒಳಗೆ, ತೋಟದ ನಡುವೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿತ್ತು ಅಂದರೆ ಎರಡು ದಿನ ಕರೆಂಟ್ ಇಲ್ಲ. ಸ್ವಲ್ಪ ಹೊತ್ತಿಗೆ ಮೊಬೈಲ್ ಟವರೂ ಮಲಗುತ್ತದೆ. ಇಲ್ಲಿ ಕೂತು ನಾನು ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್‌ಗಳನ್ನು ವಿಕಿಸೋರ್ಸ್ ಎಂಬ ಉಚಿತ ಆನ್‌ಲೈನ್ ಗ್ರಂಥಾಲಯಕ್ಕಾಗಿ ಅಕ್ಷರಕ್ಕೆ ಇಳಿಸುತ್ತೇನೆ. ಟೆಸರಾಕ್ಟ್ ಎಂಬ ಪ್ರೋಗ್ರಾಂ ಚಿತ್ರದಿಂದ ಅಕ್ಷರ ಗುರುತಿಸುತ್ತದೆ, ತಪ್ಪು ತಿದ್ದೋದು ನನ್ನ ಪಾಲು.

ಮೊದಲು ಒಂದು ಅಗ್ಗದ ಹೋಸ್ಟಿಂಗ್ ಕಂಪನಿಯಲ್ಲಿ ಶೆಲ್ (ದೂರದ ಕಂಪ್ಯೂಟರಿಗೆ ಆಜ್ಞೆ ಟೈಪ್ ಮಾಡುವ ಜಾಗ) ತೆಗೆದುಕೊಂಡಿದ್ದೆ. ಹತ್ತು ನಿಮಿಷ ದಾಟಿದ ಕೆಲಸವನ್ನೆಲ್ಲ ಅದು ತಾನಾಗೇ ಕೊಂದು ಹಾಕುತ್ತಿತ್ತು. ಮುನ್ನೂರು ಪುಟದ ಪುಸ್ತಕಕ್ಕೆ ಹತ್ತು ನಿಮಿಷ ಯಾವ ಮೂಲೆಗೆ?

ಈಗ ಎರಡು ವರ್ಷದಿಂದ ಡಿಜಿಟಲ್‌ಓಷನ್ ಎಂಬ ಕಂಪನಿಯ ಬೆಂಗಳೂರು ಸೆಂಟರ್‌ನಲ್ಲಿ ಬಾಡಿಗೆಯ ಸರ್ವರ್ ಇಟ್ಟುಕೊಂಡಿದ್ದೇನೆ. 1 ಜಿಬಿ ಮೆಮೊರಿ, 25 ಜಿಬಿ ಡಿಸ್ಕ್, ತಿಂಗಳಿಗೆ 6 ಡಾಲರ್, ಅದರ ಮೇಲೆ 18% ಜಿಎಸ್‌ಟಿ. ಅದಕ್ಕೆ ಉಬುಂಟು ಎಂಬ ಲಿನಕ್ಸ್ ಹಾಕಿಕೊಂಡೆ. ಟೆಸರಾಕ್ಟ್‌ನ ಕನ್ನಡ ಪ್ಯಾಕೇಜ್ ಒಂದೇ ಸಾಲಿನ ಆಜ್ಞೆಗೆ ಬಂದು ಕೂತಿತು.

ನನ್ನ ಜೀವ ಉಳಿಸಿದ್ದು ಟಿಮಕ್ಸ್, ನಮ್ಮ ಲೈನ್ ಕಡಿದರೂ ಸರ್ವರ್‌ನಲ್ಲಿ ಕೆಲಸ ಓಡುತ್ತಲೇ ಇರುವಂತೆ ಮಾಡುವ ಪ್ರೋಗ್ರಾಂ. ಕಳೆದ ಜುಲೈನಲ್ಲಿ ಒಂದು ರಾತ್ರಿ ಪುಸ್ತಕ ಓಡಿಸಲು ಹಚ್ಚಿದೆ. 41ನೇ ಪುಟಕ್ಕೆ ಕರೆಂಟ್ ಹೋಯಿತು, ಲೈನೂ ಕಡಿಯಿತು. ಮಾರನೇ ದಿನ ಮಧ್ಯಾಹ್ನ ಸಿಗ್ನಲ್ ಬಂದಾಗ ಫೋನಿನಲ್ಲಿ ಟರ್ಮಕ್ಸ್ ಎಂಬ ಆಜ್ಞೆ ಟೈಪ್ ಮಾಡುವ ಆ್ಯಪ್ ತೆರೆದು ಸರ್ವರ್ ಒಳಗೆ ಹೋದೆ, ಟಿಮಕ್ಸ್‌ಗೆ ಮತ್ತೆ ಸೇರಿಕೊಂಡೆ. ಅಷ್ಟೂ ಪುಟ ಮುಗಿದು ಕರ್ಸರ್ ಸುಮ್ನೆ ಮಿಣುಕುತ್ತಾ ಕಾಯುತ್ತಿತ್ತು. ಆ ಖುಷಿ ಹೇಳಲಿಕ್ಕೆ ಬರೋದಿಲ್ಲ.

ಬೆಂಗಳೂರಿನದ್ದೇ ಯಾಕೆ? ಸರ್ವರ್‌ಗೆ ಹೀಗೆ ದೂರದಿಂದ ಲಾಗಿನ್ ಆಗುವ ದಾರಿ ಎಸ್‌ಎಸ್‌ಎಚ್. ಅದರಲ್ಲಿ ನೀವು ಒತ್ತಿದ ಒಂದೊಂದು ಅಕ್ಷರವೂ ಸರ್ವರ್‌ಗೆ ಹೋಗಿ ವಾಪಸ್ ಬಂದಮೇಲೇ ಪರದೆಗೆ ಬೀಳುತ್ತದೆ. ಅಮೆರಿಕದ ಸರ್ವರ್ ಆದರೆ ಬೆರಳಿಗೂ ಕಣ್ಣಿಗೂ ನಡುವೆ ಒಂದು ತಡೆ ಗೊತ್ತಾಗುತ್ತದೆ. ಇಲ್ಲಿ ಗೊತ್ತೇ ಆಗೋದಿಲ್ಲ. ನೆಟ್‌ವರ್ಕ್ ತುಂಬಾ ಸೊರಗಿದ ದಿನ ಎಸ್‌ಎಸ್‌ಎಚ್ ಬದಲು, ಲೈನ್ ಕಡಿದರೂ ತಾಳಿಕೊಳ್ಳುವ ಮೋಶ್ ಬಳಸುತ್ತೇನೆ.

ಕನ್ನಡದ ವಿಷಯ ಮಾತ್ರ ಮೊದಲೇ ತಿಳಿದಿರಲಿ. ಟಿಮಕ್ಸ್‌ನಲ್ಲಿ ಮೊದಲ ದಿನ ಕನ್ನಡದ ಜಾಗದಲ್ಲೆಲ್ಲ ಬರೀ ಅಡಿಗೆರೆ ಬಂತು. ಯುಟಿಎಫ್-8 (ಕನ್ನಡವೂ ಸೇರಿದ ಅಕ್ಷರ ಸಂಕೇತ ಪದ್ಧತಿ) ಆಯ್ಕೆ ಕೊಟ್ಟು ಶುರು ಮಾಡಿದೆ, ಸರಿಹೋಯಿತು. ಆದರೆ ಒತ್ತಕ್ಷರ ಸರಿಯಾಗಿ ಕೂರೋದಿಲ್ಲ. ನಮ್ಮ ಕಣ್ಣಿಗೆ ‘ಸ್ತ್ರೀ’ ಒಂದೇ ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅದು 6 ಸಂಕೇತ, ಫೈಲಿನಲ್ಲಿ 18 ಬೈಟ್. ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಪರದೆ) ಇವನ್ನು ಚೌಕಗಳಲ್ಲಿ ಕೂರಿಸಲು ಹೋಗಿ ಒತ್ತನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ಅದು ಸರ್ವರ್‌ನ ತಪ್ಪಲ್ಲ, ಟರ್ಮಿನಲ್‌ಗಳದ್ದು. ಹಾಗಾಗಿ ಹುಡುಕೋದು, ಸಾಲಾಗಿ ಬದಲಿಸೋದು ಮಾತ್ರ ಅಲ್ಲಿ. ಓದಿ ತಿದ್ದೋದು ಬ್ರೌಸರ್‌ನಲ್ಲಿ.

ಒಮ್ಮೆ ಫೈರ್‌ವಾಲ್ (ಹೊರಗಿನ ಸಂಪರ್ಕ ತಡೆಯುವ ಬೇಲಿ) ಹಾಕುವಾಗ ಎಸ್‌ಎಸ್‌ಎಚ್‌ನ ಬಾಗಿಲಾದ 22ನೇ ಪೋರ್ಟ್ ತೆರೆದಿಡಲು ಮರೆತು ನಾನೇ ಹೊರಗೆ ಉಳಿದೆ. ರಿಕವರಿ ಕನ್ಸೋಲ್ ಅಂತ ಬ್ರೌಸರ್‌ನಲ್ಲೇ ಇದೆ. ರೂಟ್ (ಸರ್ವರ್‌ನ ಮುಖ್ಯ ಖಾತೆ) ಪಾಸ್‌ವರ್ಡ್ ರೀಸೆಟ್ ಮಾಡಿ, ಇಮೇಲ್‌ಗೆ ಬಂದದ್ದನ್ನು ಹಾಕಿ ಒಳಗೆ ಹೋದೆ. ಸಪೋರ್ಟ್‌ನವರಿಗೆ ಬರೆಯೋ ಅಗತ್ಯವೇ ಬೀಳಲಿಲ್ಲ.

ಸರ್ವರ್ ತೆಗೆದುಕೊಂಡ ದಿನವೇ ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲಿನ ಕೀಲಿ ಫೈಲ್) ಹಾಕಿ ಪಾಸ್‌ವರ್ಡ್ ಲಾಗಿನ್ ಮುಚ್ಚಿ. ನನ್ನ ಲಾಗ್ ಫೈಲಿನಲ್ಲಿ ಒಂದೇ ರಾತ್ರಿಗೆ ನೂರಾರು ಅಪರಿಚಿತರು ರೂಟ್ ಹೆಸರಿನಲ್ಲಿ ಬಾಗಿಲು ಬಡಿದಿದ್ದರು. ಇನ್ನೊಂದು, ಸರ್ವರ್ ಆಫ್ ಮಾಡಿದರೆ ಬಿಲ್ ನಿಲ್ಲೋದಿಲ್ಲ. ಅದನ್ನು ಪೂರ್ತಿ ಅಳಿಸಬೇಕು. ಅಳಿಸುವ ಮುಂಚೆ ಫೈಲ್‌ಗಳನ್ನು ಮನೆಗೆ ಇಳಿಸಿಕೊಳ್ಳಿ, ಆಮೇಲೆ ಯಾರೂ ತಂದುಕೊಡಲಾರರು.

4 ಡಾಲರ್‌ನದ್ದೂ ಇದೆ, 512 ಎಂಬಿ ಮೆಮೊರಿ. ಆಜ್ಞೆಗಳನ್ನು ಕಲಿಯೋ ಮಕ್ಕಳಿಗೆ ಅದೇ ಸಾಕು. ಪುಸ್ತಕದ ಕೆಲಸ ಇದ್ದರೆ 6 ಡಾಲರ್‌ನದ್ದೇ ತೆಗೆದುಕೊಳ್ಳಿ, ಒಂದು ಸಲಕ್ಕೆ ಒಂದೇ ಪುಟ ಓಡಿಸಿ.