ಟೋಕಿಯೊದ ಧೂಮಪಾನ ತಾಣಗಳು: ನಡೆದು ಊರು ನೋಡುವವರಿಗೆ ಎಷ್ಟು ಅನುಕೂಲ?

ಟೋಕಿಯೊದ ಸಾರ್ವಜನಿಕ ಧೂಮಪಾನ ತಾಣಗಳು ರೈಲಿನಿಂದಿಳಿದು ಕಚೇರಿಗೆ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದಂತಿವೆ. ದಿನವಿಡೀ ಕಾಲ್ನಡಿಗೆಯಲ್ಲಿ ಸುತ್ತುವ ಪ್ರವಾಸಿಗೆ ಅವು ಅರ್ಧ ಮಾತ್ರ ಒದಗುತ್ತವೆ.

ಅಲ್ಲಿಯ ಕ್ರಮ ನಮ್ಮದಕ್ಕೆ ತಲೆಕೆಳಗು. ನಮ್ಮ 2003ರ ಕೇಂದ್ರ ತಂಬಾಕು ನಿಯಂತ್ರಣ ಕಾಯ್ದೆಯ ಬಿಸಿ ತಟ್ಟಿದ್ದು ಹೋಟೆಲು, ಕಚೇರಿ, ಚಿತ್ರಮಂದಿರಗಳಿಗೆ. ಟೀ ಅಂಗಡಿಯ ಮುಂದೆ ನಿಂತು ಸೇದುವವನನ್ನು ಇಂದಿಗೂ ಕೇಳುವವರು ಕಡಿಮೆ. ಟೋಕಿಯೊದಲ್ಲಾದರೋ ಚಿಯೋದಾ ವಾರ್ಡು 2002ರಲ್ಲೇ ಬೀದಿಯಲ್ಲಿ ಸೇದುವವರಿಗೆ ದಂಡ ಹಾಕತೊಡಗಿತು, ಆದರೆ ಉಪಾಹಾರ ಗೃಹಗಳ ಒಳಗಿನ ಹೊಗೆಗೆ ದೇಶದ ಕಾನೂನು ಕಡಿವಾಣ ಹಾಕಿದ್ದು 2020ರ ಏಪ್ರಿಲ್‌ನಲ್ಲಿ. ಆಕಿಹಾಬಾರದ ಬಹುಭಾಗ ಮತ್ತು ಮಾರುನೊಉಚಿ ಸೇರಿರುವ ಈ ವಾರ್ಡಿನಲ್ಲಿ ಸಿಕ್ಕಿಬಿದ್ದರೆ 2,000 ಯೆನ್ ತೆರಬೇಕು. ನಿಯಮ ವಾರ್ಡಿನಿಂದ ವಾರ್ಡಿಗೆ ಬೇರೆಯಾಗುವುದರಿಂದ, ಒಂದು ರಸ್ತೆ ದಾಟಿದೊಡನೆ ನಾವು ಯಾರ ಕಾನೂನಿನಡಿ ಇದ್ದೇವೆಂಬುದು ಹೊಸಬರಿಗೆ ತಿಳಿಯುವುದಿಲ್ಲ.

ಶಿಂಜುಕುವಿನಂಥ ದೊಡ್ಡ ನಿಲ್ದಾಣದ ಹೊರಗಿನ ತಾಣದಲ್ಲಿ ಸುತ್ತ ಮರೆಗೋಡೆ, ಒಳಗೆ ಎದೆಯೆತ್ತರದ ಬೂದಿಡಬ್ಬಿಗಳು, ಅವುಗಳ ಸುತ್ತ ಮೊಬೈಲಿನಲ್ಲಿ ಕಣ್ಣು ನೆಟ್ಟು ನಿಂತ, ಒಬ್ಬರಿಗೊಬ್ಬರು ಮಾತಾಡದ ಜನ. ನೆಲದಲ್ಲಿ ಒಂದು ತುಂಡೂ ಕಾಣದಂಥ ಶುಚಿ ಮೆಚ್ಚುವಂಥದ್ದೇ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಾತ್ರ ಜನ ಮರೆಯ ಹೊರಗೂ ಚೆಲ್ಲಿಕೊಂಡು, ಗೋಡೆ ಕಟ್ಟಿದ ಉದ್ದೇಶವೇ ಸೋಲುತ್ತದೆ.

ನನ್ನ ಮುಖ್ಯ ತಕರಾರು ಸೂಚನಾ ಫಲಕಗಳದ್ದು. ಸೇದಬಾರದೆಂಬ ಚಿಹ್ನೆ ಪಾದಚಾರಿ ಮಾರ್ಗದ ನೆಲದ ಮೇಲೆಯೇ ಮತ್ತೆ ಮತ್ತೆ ಎದುರಾಗುತ್ತದೆ. ಎಲ್ಲಿ ಸೇದಬಹುದೆಂದು ತೋರುವ ಬಾಣದ ಗುರುತು ಅಪರೂಪ. ಹೀಗಾಗಿ ಹೊರಡುವ ಮುನ್ನವೇ ವಾರ್ಡುಗಳು ಪ್ರಕಟಿಸುವ ನಕ್ಷೆ ನೋಡಿಕೊಳ್ಳುವುದು ಒಳ್ಳೆಯದು. ಕೆಲವು ಕಾಫಿ ಅಂಗಡಿಗಳಲ್ಲಿ ಗಾಜಿನ ಧೂಮಪಾನ ಕೋಣೆಯಿದೆ, ಆದರೆ ಕಪ್ಪನ್ನು ಒಳಗೆ ಒಯ್ಯುವಂತಿಲ್ಲ. 20 ವರ್ಷ ತುಂಬದವರಿಗೆ, ಹೆತ್ತವರ ಜೊತೆಗಿದ್ದರೂ, ಆ ಕೋಣೆಗೆ ಪ್ರವೇಶವಿಲ್ಲ. ಮಕ್ಕಳೊಂದಿಗೆ ಹೋಗುವವರು ಇದನ್ನು ಗಮನಿಸಬೇಕು.

ಬೀದಿಯಲ್ಲಿ ಕಸದ ಬುಟ್ಟಿಗಳೂ ವಿರಳವಾದ್ದರಿಂದ ಮುಚ್ಚಳವಿರುವ ಪುಟ್ಟ ಬೂದಿಡಬ್ಬಿಯೊಂದು ಜೇಬಿನಲ್ಲಿರಲಿ. ಆದರೆ ಅದು ಕೈಯಲ್ಲಿದೆಯೆಂದು ನಿಷೇಧವಿರುವಲ್ಲಿ ಸೇದಲು ಅನುಮತಿ ಸಿಕ್ಕಂತಲ್ಲ. ಟೋಕಿಯೊದಿಂದ ಕ್ಯೋಟೊಗೆ ಶಿಂಕಾನ್‌ಸೆನ್ (ಬುಲೆಟ್ ರೈಲು) ಹಿಡಿಯುವವರು ರೈಲು ಹತ್ತುವ ಮುನ್ನವೇ ಸೇದಿ ಮುಗಿಸಬೇಕು, ಏಕೆಂದರೆ ಆ ಮಾರ್ಗದ ರೈಲುಗಳಲ್ಲಿದ್ದ ಧೂಮಪಾನ ಕೋಣೆಗಳನ್ನು 2024ರ ಮಾರ್ಚ್‌ನಲ್ಲಿ ರದ್ದು ಮಾಡಲಾಗಿದೆ.