ಗ್ಯಾಸ್ ಸ್ಯಾಂಪಲ್ ಸಿಲಿಂಡರ್, ಮೂರು ವರ್ಷದ ಬಳಕೆ: ಬಾಟಲಿ ಚೆನ್ನ, ವಾಲ್ವ್ ತಲೆನೋವು

ಎರಡೂ ತುದಿಗೆ ವಾಲ್ವ್ ಇರುವ 500 ಎಂಎಲ್ ಸ್ಟೀಲ್ ಸಿಲಿಂಡರ್ ಇದು. ಎಷ್ಟು ಪ್ರೆಶರ್ ತಡೆಯುತ್ತದೆ ಅನ್ನೋದು ಅದರ ಮೈಮೇಲೇ ಕೆತ್ತಿದೆ, ಅದನ್ನು ಬಿಡಿ. ನಾನು ತುಮಕೂರು ಕಡೆ ಒಂದು ಗ್ಯಾಸ್ ಸ್ಟೇಷನ್‌ನಲ್ಲಿ ಸ್ಯಾಂಪಲ್ ಹಿಡಿಯುತ್ತೇನೆ. 2013ರಲ್ಲಿ ಶುರುವಾದ ದಾಭೋಲ್–ಬೆಂಗಳೂರು ಪೈಪ್‌ಲೈನ್‌ನ ಗ್ಯಾಸ್, ನಾನು ಹಿಡಿಯುವ ಜಾಗದಲ್ಲಿ ಸುಮಾರು 30 ಬಾರ್ (ಪ್ರೆಶರ್‌ನ ಅಳತೆ) ಇರುತ್ತದೆ. ಗ್ಯಾಸ್ ಮಾರೋದು ಶಾಖದ ಲೆಕ್ಕದಲ್ಲಿ, ಆ ಶಾಖ ಎಷ್ಟು ಅಂತ ಲ್ಯಾಬ್ ಹೇಳೋದು ಈ ಸ್ಯಾಂಪಲ್ ನೋಡಿ. ಸ್ಯಾಂಪಲ್ ಕೆಟ್ಟರೆ ಬಿಲ್ಲೂ ಕೆಡುತ್ತದೆ.

ಮೊದಲು ಖುಷಿಯ ಮಾತು. ಇದರ ಜೊತೆ ಒಂದು ಬಾಲದ ಟ್ಯೂಬ್ ಬರುತ್ತದೆ, ಒಂದು ಮೀಟರ್‌ನಷ್ಟು ಉದ್ದ, ತುದಿಯಲ್ಲಿ ಇನ್ನೊಂದು ಪುಟ್ಟ ವಾಲ್ವ್. ಸುಮ್ನೆ ದುಡ್ಡು ಜಾಸ್ತಿ ಮಾಡೋಕೆ ಕೊಟ್ಟಿದ್ದಾರೆ ಅಂದುಕೊಂಡಿದ್ದೆ. ಹಾಗಲ್ಲ. ಸಿಲಿಂಡರ್‌ನಿಂದ ಹೊರಗೆ ಬಿಡುವಾಗ ಪ್ರೆಶರ್ ಒಂದು ಬಾರ್ ಇಳಿದರೆ ಗ್ಯಾಸ್ ಹೆಚ್ಚುಕಡಿಮೆ ಅರ್ಧ ಡಿಗ್ರಿ ತಣ್ಣಗಾಗುತ್ತದೆ, 30 ಬಾರ್ ಇಳಿದರೆ ಲೆಕ್ಕ ಹಾಕಿಕೊಳ್ಳಿ. ಆ ತಂಪು ಸಿಲಿಂಡರ್ ಬಾಯಲ್ಲೇ ಆದರೆ ಗ್ಯಾಸ್‌ನಲ್ಲಿರುವ ಭಾರದ ಅಂಶ ಹನಿಯಾಗಿ ಒಳಗೇ ಅಂಟಿಕೊಳ್ಳಬಹುದು. ಈ ಟ್ಯೂಬ್ ಇದ್ದರೆ ತಂಪೆಲ್ಲ ತುದಿಗೆ ಹೋಗುತ್ತದೆ. ಮಳೆಗಾಲದ ಬೆಳಿಗ್ಗೆ ಆ ಪುಟ್ಟ ವಾಲ್ವ್ ಮೇಲೆ ನೀರಿನ ಹನಿ ಸಾಲುಗಟ್ಟಿರುತ್ತದೆ, ಸಿಲಿಂಡರ್ ಮಾತ್ರ ಮುಟ್ಟಿದರೆ ಒಣಗಿ ಬೆಚ್ಚಗಿರುತ್ತದೆ. ಪ್ರತಿ ಸಲ ಮುಟ್ಟಿ ನೋಡುತ್ತೇನೆ.

ನನ್ನ ಕ್ರಮ ಹೀಗೆ. ಫೋನ್ ಗೇಟ್‌ನಲ್ಲೇ ಬಿಡುತ್ತೇನೆ. ಪ್ರೋಬ್ (ಪೈಪ್‌ನೊಳಗಿಂದ ಗ್ಯಾಸ್ ತೆಗೆಯುವ ನಳಿಕೆ) ವಾಲ್ವ್ ಒಂದು ಕ್ಷಣ ಬಿಚ್ಚಿ ಅಲ್ಲಿ ನಿಂತ ಹಳೇ ಗ್ಯಾಸ್, ಧೂಳು ಹೊರಗೆ ಬಿಡುತ್ತೇನೆ. ಆಮೇಲೆ ಸಿಲಿಂಡರ್ ಕಟ್ಟಿ ತುಂಬೋದು, ಖಾಲಿ ಮಾಡೋದು, ಮತ್ತೆ ತುಂಬೋದು. ಪೂರ್ತಿ ಖಾಲಿ ಮಾಡಬಾರದು, ಗಾಳಿ ಸೇರುತ್ತದೆ. ಈ ಪ್ರೆಶರ್‌ಗೆ ನಾಲ್ಕು ಸಲ ಸಾಕು, ನಾನು ಆರು ಸಲ ಮಾಡುತ್ತೇನೆ. ಕೊನೆಗೆ ಎರಡೂ ವಾಲ್ವ್ ಮುಚ್ಚಿ ಬಕೆಟ್ ನೀರಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದಾ ಅಂತ ಕಾಯುತ್ತೇನೆ.

ಕಷ್ಟ ಗೊತ್ತಾಗಬೇಕಾದ್ದು ಈ ಬಕೆಟ್‌ನಲ್ಲೇ, ಆದರೆ ಒಮ್ಮೆ ಗೊತ್ತಾಗಿದ್ದು ಲ್ಯಾಬ್‌ನಿಂದ. ಎರಡನೇ ವರ್ಷ ಲ್ಯಾಬ್‌ನಿಂದ ಫೋನ್ ಬಂತು, ನಾನು 30 ಬಾರ್ ತುಂಬಿ ಕಳಿಸಿದ ಸಿಲಿಂಡರ್‌ನಲ್ಲಿ ಇರೋದು 11 ಅಂತ. ದಾರಿಯುದ್ದಕ್ಕೂ ಸೋರಿತ್ತು. ವಾಲ್ವ್ ಒಳಗಿನ ಸೀಟ್, ಅಂದರೆ ಮುಚ್ಚಿದಾಗ ವಾಲ್ವ್ ಒತ್ತಿ ಕೂರುವ ಜಾಗ, ಮೆತ್ತನೆ ಪ್ಲಾಸ್ಟಿಕ್, ಬೆರಳಲ್ಲಿ ತಿರುಗಿಸಿದರೆ ಸಾಕು, ಸ್ಪ್ಯಾನರ್ ಹಾಕಿದರೆ ಅದರಲ್ಲಿ ಗುಳಿ ಬೀಳುತ್ತದೆ. ನಮ್ಮ ಹುಡುಗರು ಸ್ಪ್ಯಾನರ್ ಹಾಕಿದ್ದು ತಪ್ಪೇ. ಆದರೆ ದಿನಾ ಬೇರೆ ಬೇರೆ ಕೈ ಬೀಳುವ ವಸ್ತು ಅಲ್ವಾ, ಇಷ್ಟು ನಾಜೂಕಾದ ಸೀಟ್ ಯಾಕೆ ಹಾಕಬೇಕು? ಆರು ಸಿಲಿಂಡರ್‌ನಲ್ಲಿ ನಾಲ್ಕಕ್ಕೆ ಇದೇ ಗತಿ ಆಯಿತು. ಬರೀ ಸೀಟ್ ಕೇಳಿದರೆ ಕಂಪನಿಯವರು ಕೊಡಲಿಲ್ಲ, ಪೂರ್ತಿ ವಾಲ್ವೇ ಕೊಳ್ಳಬೇಕಂತೆ. ಬಂದಿದ್ದು ಏಳು ವಾರದ ಮೇಲೆ. ನಮ್ಮಂಥ ಸಣ್ಣ ಸ್ಟೇಷನ್‌ಗೆ ಆ ಬೆಲೆ ಭಾರವೇ.

ಆದರೂ ಸಿಲಿಂಡರ್ ಬದಲಿಸುವ ಯೋಚನೆ ಇಲ್ಲ, ಒಳಗೆ ಈಗಲೂ ಹೊಸದರ ಹಾಗೇ ಹೊಳೆಯುತ್ತದೆ. ಮುಂದಿನ ಸಲ ಲೋಹದ ಸೀಟ್ ಇರುವ ವಾಲ್ವ್ ಬೇರೆ ಕಡೆಯಿಂದ ತರಿಸುತ್ತೇನೆ. ನೀವು ಕೊಳ್ಳುವುದಾದರೆ ಮೊದಲ ಆರ್ಡರ್‌ನಲ್ಲೇ ಎರಡು ಸ್ಪೇರ್ ವಾಲ್ವ್ ಬರೆಸಿ. ಬಾಲದ ಟ್ಯೂಬ್ ಬೇಡ ಅಂತ ಮಾತ್ರ ಹೇಳಬೇಡಿ.