ಔಷಧಿ ಅಂಗಡಿಯೋ, ಆಸ್ಪತ್ರೆಯ ಫಾರ್ಮಸಿಯೋ?

ಫಾರ್ಮಸಿ ಓದು ಮುಗಿಸಿದವರಲ್ಲಿ ಹಲವರು ಆರಿಸಬೇಕಾಗುವುದು ಇವೆರಡರ ನಡುವೆ. ಸಂಬಳವೊಂದನ್ನೇ ನೋಡಿ ನಿರ್ಧರಿಸಬೇಡಿ. ದಿನದ ಕೆಲಸವೇ ಬೇರೆ ಬೇರೆ.

ಅಂಗಡಿಯಲ್ಲಿ ರೋಗಿ ನಿಮ್ಮ ಎದುರಿಗೇ ನಿಂತಿರುತ್ತಾರೆ. ಬೇರೆ ಬೇರೆ ವೈದ್ಯರು ಬರೆದ ಚೀಟಿಗಳು ಒಟ್ಟಿಗೆ ಕಣ್ಣಿಗೆ ಬೀಳುವುದೂ ಅಲ್ಲಿಯೇ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುತ್ತಿರುವವರು ಮೈಕೈ ನೋವಿಗೆಂದು ಐಬುಪ್ರೊಫೆನ್ ಕೇಳಿದರೆ, ರಕ್ತಸ್ರಾವದ ಅಪಾಯವನ್ನು ಗುರುತಿಸಿ ತಡೆಯಬೇಕಾದವರು ನೀವೇ. ಸಂಧಿವಾತಕ್ಕೆ ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ದಿನವೂ ನುಂಗಿದರೆ ಜೀವಕ್ಕೇ ಕುತ್ತು. ಅದನ್ನು ಮತ್ತೆ ಮತ್ತೆ ಹೇಳಿ ಮನವರಿಕೆ ಮಾಡಿಕೊಡುವ ತಾಳ್ಮೆ ಬೇಕು. ಜನರೊಂದಿಗೆ ಬೆರೆಯುವ, ಅವರ ಹಳೆಯ ಕಾಯಿಲೆಗಳನ್ನು ನೆನಪಿಡುವ ಗುಣವಿದ್ದವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ದಾಸ್ತಾನು, ಲೆಕ್ಕಪತ್ರ, ಮಾರಾಟದ ಒತ್ತಡ ಜೊತೆಗಿದ್ದೇ ಇರುತ್ತವೆ.

ಆಸ್ಪತ್ರೆಯಲ್ಲಿ ಕೆಲಸದ ಆಳ ಹೆಚ್ಚು. ರೋಗಿಯ ಮೂತ್ರಪಿಂಡದ ವರದಿ ಕೈಯಲ್ಲಿರುತ್ತದೆ. ವ್ಯಾಂಕೊಮೈಸಿನ್‌ನಂಥ ಆಂಟಿಬಯೋಟಿಕ್ ಔಷಧಿ ರಕ್ತದಲ್ಲಿ ಎಷ್ಟಿದೆ ಎಂದು ನೋಡಿ, ಪ್ರಮಾಣ ಬದಲಿಸುವಂತೆ ವೈದ್ಯರಿಗೆ ನೇರವಾಗಿ ಸೂಚಿಸಬಹುದು. ಕ್ಯಾನ್ಸರ್, ತೀವ್ರ ನಿಗಾ ಘಟಕ, ಮಕ್ಕಳ ವಿಭಾಗ ಎಂದು ಪರಿಣತಿ ಬೆಳೆಸಿಕೊಳ್ಳಲು ಅವಕಾಶವಿದೆ. ಆದರೆ ರಾತ್ರಿ ಪಾಳಿಗೆ ಸಿದ್ಧರಿರಬೇಕು. ಮನೆಗೆ ಹೋದ ರೋಗಿ ಮುಂದೆ ಹೇಗಿದ್ದಾರೆಂಬುದು ಬಹುಪಾಲು ತಿಳಿಯುವುದೂ ಇಲ್ಲ.

ಸ್ವಂತ ಉದ್ಯಮದ ಆಸೆಯಿದ್ದರೆ ಅಂಗಡಿಯೇ ಸರಿ. ಇನ್ನೂ ಮನಸ್ಸು ಗಟ್ಟಿಯಾಗದವರು ಮೊದಲು ಕೆಲವು ವರ್ಷ ಆಸ್ಪತ್ರೆಯಲ್ಲಿ ದುಡಿಯಲಿ ಎಂಬುದು ನನ್ನ ಸಲಹೆ. ಅಲ್ಲಿ ಕಲಿತದ್ದು ಅಂಗಡಿಯಲ್ಲಿ ದಿನವೂ ಬಳಕೆಗೆ ಬರುತ್ತದೆ. ವರ್ಷಗಟ್ಟಲೆ ಅಂಗಡಿಯಲ್ಲಿದ್ದು ಆಸ್ಪತ್ರೆಗೆ ಹೋಗುವವರು ಹೊಸದಾಗಿ ಕಲಿಯಬೇಕಾದದ್ದು ಬಹಳ.